ರಸ್ತೆ ಕಾಡಿನ ಅಂಚಿಗೆ ಬಂದು ನಿಲ್ಲುವುದೇಕೆ?
ಸರ್ಕಾರಿ ಅರಣ್ಯದಲ್ಲಿ ರಸ್ತೆ–ಸೇತುವೆ ಗುತ್ತಿಗೆಯ ಕ್ರಮ: ಬೆಳೆಗಾರರು ತಿಳಿದಿರಬೇಕಾದ ವಿಷಯಗಳು

ಮಲೆನಾಡಿನ ಸಣ್ಣ ಬೆಳೆಗಾರರ ಕಷ್ಟಗಳಲ್ಲಿ ರಸ್ತೆಯದು ಮೊದಲ ಸಾಲಿನದು. ಗೊನೆ ಕೊಯ್ದ ಅಡಿಕೆಯಾಗಲಿ, ಒಣಗಿಸಿದ ಕಾಫಿಯಾಗಲಿ ತೋಟದಿಂದ ಡಾಂಬರು ರಸ್ತೆ ಮುಟ್ಟುವಷ್ಟರಲ್ಲಿ ಸಾಗಣೆಯ ಖರ್ಚು ಲಾಭದ ಒಂದು ಪಾಲನ್ನು ನುಂಗಿರುತ್ತದೆ. ಕೊಳೆರೋಗಕ್ಕೆ ಬೋರ್ಡೋ ಸಿಂಪಡಿಸುವ ಹೊತ್ತಿಗೆ ಮೈಲುತುತ್ತ, ಸುಣ್ಣ ಹಳ್ಳದ ಆಚೆ ದಡದಲ್ಲೇ ಉಳಿದರೆ ಆ ವರ್ಷದ ಫಸಲೇ ಉದುರಿಹೋಗುವುದುಂಟು. ಕಾಯಿಲೆಯವರನ್ನು ಕಂಬಳಿ ಜೋಲಿಯಲ್ಲಿ ಹೊತ್ತು ತರುವ ಹಳ್ಳಿಗಳು ಇನ್ನೂ ಇವೆ.

ಇಂಥ ಕಡೆಗಳಲ್ಲಿ ರಸ್ತೆ ಮಂಜೂರಾಗಿ, ಟೆಂಡರು ಆಗಿ, ಜಲ್ಲಿ ಬಂದು ಬಿದ್ದು, ಕಾಡಿನ ಗಡಿಕಲ್ಲಿನ ಬಳಿ ಕೆಲಸ ನಿಂತುಬಿಡುವುದನ್ನು ನಾವೆಲ್ಲ ನೋಡುತ್ತಲೇ ಇದ್ದೇವೆ. ಗುತ್ತಿಗೆದಾರನನ್ನು ಕೇಳಿದರೆ ಅರಣ್ಯ ಇಲಾಖೆಯತ್ತ ಬೆರಳು ತೋರಿಸುತ್ತಾನೆ. ಅರಣ್ಯ ಇಲಾಖೆಯವರು ನಮಗೆ ಅರ್ಜಿಯೇ ಬಂದಿಲ್ಲ ಎನ್ನುತ್ತಾರೆ. ಇಂಜಿನಿಯರು ಕಡತ ಮೇಲಿದೆ ಎನ್ನುತ್ತಾರೆ. ಮೂವರ ಮಾತೂ ನಿಜವಿರಬಹುದು. ಆದ್ದರಿಂದ ಈ ಕೆಲಸ ಯಾವ ಮೆಟ್ಟಿಲುಗಳನ್ನು ಹತ್ತಿ ಬರಬೇಕು, ಎಲ್ಲಿ ಎಡವುತ್ತದೆ ಎಂಬುದನ್ನು ಸದಸ್ಯರಿಗೆ ವಿವರಿಸುವುದು ಉಚಿತವೆಂದು ನಮಗೆ ತೋರಿತು.

ಮೊದಲು ಜಾಗ ಯಾವುದೆಂದು ತಿಳಿಯಬೇಕು

ನಮ್ಮ ಕಡೆಯ ಕಾಡು ಒಂದೇ ಬಗೆಯದಲ್ಲ. ಮೀಸಲು ಅರಣ್ಯ, ಸೊಪ್ಪಿನಬೆಟ್ಟ, ಕಾನು, ಬಾಣೆ, ಕುಮ್ಕಿ ಎಂದು ಜಿಲ್ಲೆಗೊಂದು ಹೆಸರು, ಹೆಸರಿಗೊಂದು ಹಕ್ಕು. ದಾಖಲೆಯಲ್ಲಿ ಕಂದಾಯ ಜಮೀನು ಎಂದಿದ್ದ ಮಾತ್ರಕ್ಕೆ ಅರಣ್ಯ ಕಾನೂನು ತಟ್ಟುವುದಿಲ್ಲ ಎಂದು ತಿಳಿಯಬಾರದು. 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಒಡೆತನ ಯಾರದೇ ಇರಲಿ, ನಿಘಂಟಿನ ಅರ್ಥದಲ್ಲಿ ಅರಣ್ಯವಾಗಿರುವ ಜಾಗಕ್ಕೂ ಅರಣ್ಯ ಸಂರಕ್ಷಣಾ ಕಾಯಿದೆ ಅನ್ವಯಿಸುತ್ತದೆ ಎಂದಿತು. 'ಡೀಮ್ಡ್ ಅರಣ್ಯ' ಎಂಬ ಮಾತು ನಮ್ಮ ಹಳ್ಳಿಗಳಿಗೆ ಬಂದದ್ದು ಆ ಬಳಿಕವೇ. ಆ ಪಟ್ಟಿಯನ್ನು ರಾಜ್ಯ ಸರ್ಕಾರ 2022ರಲ್ಲಿ ಪರಿಷ್ಕರಿಸಿ ಕಡಿಮೆ ಮಾಡಿತು. ನಿಮ್ಮ ರಸ್ತೆ ಹಾದುಹೋಗುವ ಸರ್ವೆ ನಂಬರುಗಳು ಈಗ ಯಾವ ಪಟ್ಟಿಯಲ್ಲಿವೆ ಎಂಬುದನ್ನು ತಾಲ್ಲೂಕು ಕಚೇರಿಯಲ್ಲಿಯೂ ವಲಯ ಅರಣ್ಯಾಧಿಕಾರಿಯ ಕಚೇರಿಯಲ್ಲಿಯೂ ವಿಚಾರಿಸುವುದೇ ಮೊದಲ ಕೆಲಸ.

ರಸ್ತೆಯ ವಯಸ್ಸನ್ನೂ ನೋಡಬೇಕು. ಅರಣ್ಯ ಸಂರಕ್ಷಣಾ ಕಾಯಿದೆ ಜಾರಿಗೆ ಬಂದದ್ದು 1980ರ ಅಕ್ಟೋಬರ್ 25ರಂದು. ಅದಕ್ಕೆ ಮೊದಲೇ ಇದ್ದ ರಸ್ತೆ ಎಂದು ದಾಖಲೆಯಿಂದ ತೋರಿಸಲು ಸಾಧ್ಯವಾದರೆ, ಅಗಲ ಹೆಚ್ಚಿಸದೆ, ಹೊಸದಾಗಿ ಕಾಡು ಮುರಿಯದೆ ಇರುವಷ್ಟರಲ್ಲಿಯೇ ದುರಸ್ತಿ ಮಾಡುವುದು ಬಹಳ ಸುಲಭವಾಗುತ್ತದೆ. ಹಳೆಯ ಗ್ರಾಮ ನಕ್ಷೆ, ತಾಲ್ಲೂಕು ಬೋರ್ಡಿನ ಕಾಲದ ಕಾಗದ, ಕೂಪು ರಸ್ತೆಯ ಬಗ್ಗೆ ಅರಣ್ಯ ಇಲಾಖೆಯ ದಾಖಲೆ, ಇವು ಇಲ್ಲಿ ಬಂಗಾರದ ಬೆಲೆಯವು. ಹಿರಿಯರ ಪೆಟ್ಟಿಗೆಯಲ್ಲಿರುವ ಇಂಥ ಕಾಗದಗಳನ್ನು ಗೆದ್ದಲಿಗೆ ಬಿಡಬೇಡಿ.

ಅನುಮತಿಗೆ ಎರಡು ದಾರಿ

ಒಂದನೆಯದು ಉದ್ದನೆಯ ದಾರಿ. ಅರಣ್ಯ ಭೂಮಿಯನ್ನು ಬೇರೆ ಕೆಲಸಕ್ಕೆ ಬಳಸಲು 1980ರ ಕಾಯಿದೆಯ 2ನೇ ಕಲಮಿನಂತೆ ಕೇಂದ್ರ ಸರ್ಕಾರದ ಪೂರ್ವಾನುಮತಿ ಬೇಕು. (2023ರ ತಿದ್ದುಪಡಿಯಿಂದ ಈ ಕಾಯಿದೆಗೆ ವನ ಸಂರಕ್ಷಣ ಏವಂ ಸಂವರ್ಧನ ಅಧಿನಿಯಮ ಎಂದು ಹೊಸ ಹೆಸರು ಬಂದಿದೆ.) ರಸ್ತೆ ಮಾಡಿಸುವ ಇಲಾಖೆಯೇ ಅರ್ಜಿದಾರ. ಅದು ಲೋಕೋಪಯೋಗಿ ಇಲಾಖೆ ಇರಬಹುದು, ಪಂಚಾಯತ್ ರಾಜ್ ಇಂಜಿನಿಯರಿಂಗ್ ವಿಭಾಗ ಇರಬಹುದು. ಗುತ್ತಿಗೆದಾರನಾಗಲಿ ಊರಿನವರಾಗಲಿ ಅರ್ಜಿ ಹಾಕುವಂತಿಲ್ಲ. ಅರ್ಜಿ 'ಪರಿವೇಶ್' ಎಂಬ ಗಣಕ ವ್ಯವಸ್ಥೆಯ ಮೂಲಕ ಹೋಗುತ್ತದೆ. ಮೊದಲ ಹಂತದಲ್ಲಿ ತಾತ್ವಿಕ ಒಪ್ಪಿಗೆ ಬರುತ್ತದೆ, ಜೊತೆಗೆ ಷರತ್ತುಗಳು ಬರುತ್ತವೆ. ಪರಿಹಾರಾತ್ಮಕ ಅರಣ್ಯೀಕರಣದ ವೆಚ್ಚ, ಕಾಡಿನ ನಿವ್ವಳ ಪ್ರಸ್ತುತ ಮೌಲ್ಯ ಮುಂತಾದುವನ್ನು ಕಟ್ಟಿ, ಷರತ್ತು ಪೂರೈಸಿದ ಮೇಲೆ ಎರಡನೆಯ ಹಂತದ ಅಂತಿಮ ಒಪ್ಪಿಗೆ. ರಸ್ತೆಯಂಥ ಉದ್ದುದ್ದನೆಯ ಕಾಮಗಾರಿಗಳಿಗೆ ಹಣ ಜಮಾ ಆದೊಡನೆ ಕೆಲಸ ಆರಂಭಿಸಲು ಅನುಮತಿ ಕೊಡುವ ಕ್ರಮವೂ ಉಂಟು. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳ ಒಳಗಾದರೆ ವನ್ಯಜೀವಿ ಮಂಡಳಿಯ ಬಾಗಿಲನ್ನೂ ತಟ್ಟಬೇಕು. ಕುದುರೆಮುಖ, ಭದ್ರಾ, ಪುಷ್ಪಗಿರಿಯ ಸುತ್ತಿನ ಸದಸ್ಯರು ಇದನ್ನು ಬಲ್ಲರು.

ಎರಡನೆಯದು ಹತ್ತಿರದ ದಾರಿ. 2006ರ ಅರಣ್ಯ ಹಕ್ಕು ಕಾಯಿದೆಯ 3(2)ನೇ ಕಲಮು ಅರಣ್ಯವಾಸಿಗಳ ಊರುಗಳಿಗೆ ಸರ್ಕಾರ ನಿರ್ವಹಿಸುವ 13 ಬಗೆಯ ಸೌಲಭ್ಯಗಳಿಗಾಗಿ ಅರಣ್ಯ ಭೂಮಿ ಕೊಡಲು ಅವಕಾಶ ಮಾಡಿದೆ. ಶಾಲೆ, ಅಂಗನವಾಡಿ, ಕುಡಿಯುವ ನೀರು ಇವುಗಳ ಜೊತೆಗೆ ರಸ್ತೆಯೂ ಆ ಪಟ್ಟಿಯಲ್ಲಿದೆ. ಷರತ್ತು ಮೂರು. ಪ್ರತಿ ಕಾಮಗಾರಿಗೆ ಬೇಕಾಗುವ ಅರಣ್ಯ ಭೂಮಿ 1 ಹೆಕ್ಟೇರಿಗಿಂತ ಕಡಿಮೆ ಇರಬೇಕು. ಹೆಕ್ಟೇರಿಗೆ 75 ಮರಗಳಿಗಿಂತ ಹೆಚ್ಚು ಕಡಿಯುವಂತಿರಬಾರದು. ಗ್ರಾಮಸಭೆ ಶಿಫಾರಸು ಮಾಡಿರಬೇಕು. ಇಲ್ಲಿ ಒಪ್ಪಿಗೆ ವಿಭಾಗದ ಅರಣ್ಯಾಧಿಕಾರಿಯ ಮಟ್ಟದಲ್ಲಿಯೇ ಆಗಬಹುದು, ಕಡತ ದೆಹಲಿಯ ದಾರಿ ಹಿಡಿಯಬೇಕಾಗಿಲ್ಲ.

ಒಂದು ಹೆಕ್ಟೇರ್ ಎಂದರೆ ಸುಮಾರು 2 ಎಕರೆ 19 ಗುಂಟೆ, ಅಂದರೆ 10,000 ಚದರ ಮೀಟರು. ಡಾಂಬರಿನ ಅಗಲ 3.75 ಮೀಟರು ಇದ್ದರೂ ಬದಿಯ ಮಣ್ಣು ಸೇರಿ ರಸ್ತೆ 6 ಮೀಟರು ಆದರೆ ಸುಮಾರು 1,660 ಮೀಟರು ಉದ್ದಕ್ಕೆ ಹೆಕ್ಟೇರು ಮುಗಿಯುತ್ತದೆ. ಚರಂಡಿ, ದರೆ ಕಡಿತ ಸೇರಿ 8 ಮೀಟರು ಬೇಕಾದರೆ 1,250 ಮೀಟರಿಗೇ ಮುಗಿಯಿತು. ಆದ್ದರಿಂದ ನಕ್ಷೆ ಎಳೆಯುವಾಗಲೇ ಲೆಕ್ಕ ಹಾಕಬೇಕು. ನೂರು ಮೀಟರು ಸುತ್ತಿ ಖಾಸಗಿ ಜಮೀನಿನಲ್ಲಿ ಹೋದರೆ ಈ ಮಿತಿಯೊಳಗೆ ಬರುವುದಾದರೆ, ಜಮೀನಿನವರನ್ನು ಒಪ್ಪಿಸುವುದು ಮೂರು ವರ್ಷ ಕಾಯುವುದಕ್ಕಿಂತ ಲೇಸು. ಮಿತಿ ಮೀರಿದ ಒಂದೇ ರಸ್ತೆಯನ್ನು ಕಾಗದದ ಮೇಲೆ ಎರಡು ರಸ್ತೆ ಮಾಡಿ ತೋರಿಸುವ ಜಾಣತನಕ್ಕೆ ಕೈಹಾಕಬಾರದು. ನಾಳೆ ಒಂದು ತಕರಾರು ಬಂದರೆ ಎರಡೂ ನಿಲ್ಲುತ್ತವೆ.

ಈ ಸೌಲಭ್ಯ ಊರಿಗೆ, ಒಬ್ಬರ ತೋಟದ ಗೇಟಿಗಲ್ಲ ಎಂಬುದನ್ನೂ ಮನಗಾಣಬೇಕು. ಬದಿಯಲ್ಲಿ ಸರ್ಕಾರಿ ರಸ್ತೆ ಇದ್ದು, ಅಲ್ಲಿಂದ ಜನವಸತಿಗೆ ದಾರಿ ಮಾತ್ರ ಬೇಕಾದ ಕಡೆ 0.10 ಹೆಕ್ಟೇರಿನವರೆಗೆ 2023ರ ತಿದ್ದುಪಡಿ ಷರತ್ತಿನ ಮೇಲೆ ವಿನಾಯಿತಿ ಕೊಟ್ಟಿದೆ. 4 ಮೀಟರು ಅಗಲಕ್ಕೆ ಅದು 250 ಮೀಟರು ಆಗುತ್ತದೆ.

ಗುತ್ತಿಗೆ ಹೇಗೆ ನಡೆಯುತ್ತದೆ?

ಮೊದಲು ಆಡಳಿತಾತ್ಮಕ ಮಂಜೂರಾತಿ, ಅಂದರೆ ಹಣ ಕೊಡಲು ಒಪ್ಪಿಗೆ. ನಂತರ ಇಂಜಿನಿಯರು ಸ್ಥಳ ಅಳೆದು, ಇಲಾಖೆಯ ದರಪಟ್ಟಿಯ ಪ್ರಕಾರ ಅಂದಾಜುಪಟ್ಟಿ ತಯಾರಿಸುತ್ತಾರೆ. ಅದಕ್ಕೆ ತಾಂತ್ರಿಕ ಮಂಜೂರಾತಿ ಆಗಬೇಕು. ಆಮೇಲೆ ಟೆಂಡರು. 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಯಲ್ಲಿ ಪಾರದರ್ಶಕತೆ ಕಾಯಿದೆಯಂತೆ, ಕಾಯಿದೆಯೇ ವಿನಾಯಿತಿ ಕೊಟ್ಟ ಸಣ್ಣ ಕೆಲಸ ಹಾಗೂ ವಿಶೇಷ ಸಂದರ್ಭ ಬಿಟ್ಟು, ಎಲ್ಲ ಸರ್ಕಾರಿ ಕಾಮಗಾರಿಗೂ ಬಹಿರಂಗ ಟೆಂಡರು ಆಗಲೇಬೇಕು. ಈಗ ಇದು ಗಣಕದ ಮೂಲಕವೇ ನಡೆಯುತ್ತದೆ. ಗುತ್ತಿಗೆದಾರ ಇ.ಎಂ.ಡಿ. ಠೇವಣಿ ಕಟ್ಟಿ ದರ ನಮೂದಿಸುತ್ತಾನೆ. ದೊಡ್ಡ ಕೆಲಸಗಳಲ್ಲಿ ಎರಡು ಲಕೋಟೆಯ ಕ್ರಮ: ಮೊದಲನೆಯದರಲ್ಲಿ ಅವನ ಅನುಭವ, ಯಂತ್ರ, ಹಣಬಲದ ದಾಖಲೆ, ಅದರಲ್ಲಿ ತೇರ್ಗಡೆಯಾದವರ ದರದ ಲಕೋಟೆಯನ್ನು ಮಾತ್ರ ತೆರೆಯುತ್ತಾರೆ. ಅರ್ಹರಲ್ಲಿ ಕಡಿಮೆ ದರ ಹಾಕಿದವನಿಗೆ ಕೆಲಸ.

ಕಾಡಿನ ರಸ್ತೆ ಎಡವುವುದು ಇಲ್ಲಿಯೇ. ಜಾಗ ಕೈಗೆ ಬಾರದೆ ಕೆಲಸ ಆರಂಭಿಸಬಾರದು ಎಂಬುದು ಲೋಕೋಪಯೋಗಿ ಸಂಹಿತೆಗಳ ಹಳೆಯ ನಿಯಮ. ಆದರೆ ಮಾರ್ಚಿಯೊಳಗೆ ಹಣ ಖರ್ಚಾಗಬೇಕೆಂಬ ಆತುರದಲ್ಲಿ, ಅರಣ್ಯದ ಒಪ್ಪಿಗೆ ಆಮೇಲೆ ಬಂದೀತು ಎಂದು ಟೆಂಡರು ಕರೆದುಬಿಡುತ್ತಾರೆ. ಗುತ್ತಿಗೆದಾರ ಯಂತ್ರ ತರುತ್ತಾನೆ, ಅರಣ್ಯ ಸಿಬ್ಬಂದಿ ತಡೆಯುತ್ತಾರೆ, ಗುತ್ತಿಗೆಯ ಅವಧಿ ಮುಗಿಯುತ್ತದೆ. ಅಷ್ಟರಲ್ಲಿ ಸಿಮೆಂಟು, ಕಬ್ಬಿಣ, ಡಾಂಬರಿನ ಬೆಲೆ ಏರಿರುತ್ತದೆ. ಹಳೆಯ ದರಕ್ಕೆ ಅವನು ಒಲ್ಲೆ ಎನ್ನುತ್ತಾನೆ. ಮತ್ತೆ ಅಂದಾಜು, ಮತ್ತೆ ಟೆಂಡರು. ಅಂದಾಜುಪಟ್ಟಿಯಲ್ಲಿ ಅರಣ್ಯಕ್ಕೆ ಕಟ್ಟಬೇಕಾದ ಹಣವನ್ನೇ ಸೇರಿಸದಿದ್ದರೆ ಇನ್ನೂ ಕಷ್ಟ. ತಾತ್ವಿಕ ಒಪ್ಪಿಗೆ ಬಂದರೂ ಕಟ್ಟಲು ಹಣವಿಲ್ಲದೆ ಕಡತ ಮಲಗುತ್ತದೆ.

ಗುತ್ತಿಗೆದಾರನಿಗೂ ಕಾಡಿನಲ್ಲಿ ಕಟ್ಟುಪಾಡುಗಳಿವೆ. ಕಡಿಯಬೇಕಾದ ಮರ ಅರಣ್ಯ ಇಲಾಖೆಯದು, ನಾಟಾ ಡಿಪೋ ಸೇರಬೇಕು. ಕಾಡಿನೊಳಗಿನ ಮಣ್ಣು, ಕಲ್ಲು ಕೂಡ ಅರಣ್ಯ ಉತ್ಪನ್ನವೇ; ಪಕ್ಕದ ಗುಡ್ಡ ಅಗೆದು ರಸ್ತೆಗೆ ಸುರಿಯುವಂತಿಲ್ಲ. ಹಾಗಾಗಿ ಜಲ್ಲಿ, ಮಣ್ಣು ದೂರದಿಂದ ಬರಬೇಕು. ಆ ಸಾಗಣೆಯ ದೂರ ಅಂದಾಜಿನಲ್ಲಿ ಸರಿಯಾಗಿ ಹಾಕಿದೆಯೇ ಎಂದು ನೋಡಿರಿ. ಅಲ್ಲಿ ಕೊರತೆ ಇದ್ದರೆ ಗುತ್ತಿಗೆದಾರ ಕಾಡಿಗೆ ಕೈಹಾಕುತ್ತಾನೆ, ಇಲ್ಲವೇ ದಪ್ಪ ಕಡಿಮೆ ಮಾಡುತ್ತಾನೆ.

ಸೇತುವೆಯ ಮಾತು

ನಮ್ಮ ಹಳ್ಳಗಳಲ್ಲಿ ನೀರು ಮಾತ್ರ ಹರಿಯುವುದಿಲ್ಲ. ಮಳೆಗಾಲದಲ್ಲಿ ಬಿದಿರ ಮೆಳೆ, ಮರದ ಬೊಡ್ಡೆ, ಬಂಡೆ ಎಲ್ಲವೂ ಬರುತ್ತವೆ. ಹ್ಯೂಮ್ ಪೈಪು ಹಾಕಿದ ಮೋರಿ ಖರ್ಚಿಗೆ ಸುಲಭವೇನೋ ಹೌದು. ಆದರೆ ಒಂದು ಬೊಡ್ಡೆ ಅಡ್ಡ ಸಿಕ್ಕಿದರೆ ನೀರು ರಸ್ತೆಯನ್ನೇ ಕೊರೆದುಕೊಂಡು ಹೋಗುತ್ತದೆ. ಕಾಡಿನ ಹಳ್ಳಕ್ಕೆ ಅಗಲವಾದ ಗಂಡಿಯ ಸ್ಲ್ಯಾಬ್ ಅಥವಾ ಬಾಕ್ಸ್ ಮೋರಿ ಲೇಸು. ಸರ್ವೆಗೆ ಬಂದ ಇಂಜಿನಿಯರಿಗೆ ನೆರೆ ಎಲ್ಲಿಯವರೆಗೆ ಏರಿತ್ತೆಂದು ಮರದ ಮೇಲಿನ ಗುರುತು ತೋರಿಸಿ ಹೇಳಬೇಕಾದವರು ನಾವೇ. ಅವರು ಬರುವುದು ಬೇಸಿಗೆಯಲ್ಲಿ, ಆಗ ಹಳ್ಳದಲ್ಲಿ ಮೊಣಕಾಲು ನೀರೂ ಇರುವುದಿಲ್ಲ.

ಸೇತುವೆ ಎದ್ದು ನಿಂತು, ಎರಡೂ ಕಡೆ ಕೂಡುರಸ್ತೆ ಇಲ್ಲದೆ ಏಣಿ ಹಾಕಿ ಹತ್ತುವ ಪರಿಸ್ಥಿತಿಯೂ ಆಗುವುದುಂಟು. ಸೇತುವೆ ಹಳ್ಳದ ಮೇಲೆ, ಕೂಡುರಸ್ತೆ ಅರಣ್ಯದ ಮೇಲೆ ಎಂದಾದಾಗ ಹೀಗೆ ಆಗುತ್ತದೆ. ಎರಡಕ್ಕೂ ಒಂದೇ ಅಂದಾಜು, ಒಂದೇ ಅನುಮತಿ ಇರುವಂತೆ ಒತ್ತಾಯಿಸಬೇಕು.

ವಾಹನ ಸೇತುವೆಗೆ ಹಣವಾಗಲಿ ಅನುಮತಿಯಾಗಲಿ ದೂರವೆನಿಸಿದ ಕಡೆ ತೂಗುಸೇತುವೆಯನ್ನು ಯೋಚಿಸಬಹುದು. ಸುಳ್ಯದ ಇಂಜಿನಿಯರ್ ಗಿರೀಶ್ ಭಾರದ್ವಾಜ್ ಅವರು 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿಗೆ ಮೊದಲನೆಯದನ್ನು ಕಟ್ಟಿ, ಮುಂದೆ ನೂರಕ್ಕೂ ಹೆಚ್ಚು ಕಟ್ಟಿಸಿದರು. 2017ರಲ್ಲಿ ಪದ್ಮಶ್ರೀ ಪಡೆದರು. ಅಡಿಕೆ ಮೂಟೆಯ ಲಾರಿ ಅದರ ಮೇಲೆ ಹೋಗದು. ಆದರೆ ಶಾಲೆಯ ಮಕ್ಕಳು ಕಾಲುಸಂಕದ ಮೇಲೆ ಜೀವ ಕೈಯಲ್ಲಿ ಹಿಡಿದು ದಾಟುವುದು ತಪ್ಪುತ್ತದೆ.

ಕೆಲಸ ನಡೆಯುವಾಗ ನಾವು ನೋಡಬೇಕಾದದ್ದು

ಗುತ್ತಿಗೆದಾರನಿಗೆ ಹಣ ಸಲ್ಲುವುದು ಅಳತೆ ಪುಸ್ತಕದ ಆಧಾರದ ಮೇಲೆ. ಇಂಜಿನಿಯರು ಅಳೆದು ಬರೆಯುತ್ತಾರೆ, ಮೇಲಿನವರು ತಾಳೆ ನೋಡುತ್ತಾರೆ, ಬಿಲ್ಲು ಆಗುತ್ತದೆ. ಬಿಲ್ಲಿನಿಂದ ಒಂದು ಪಾಲು ಭದ್ರತೆಗೆಂದು ಹಿಡಿದಿಡುತ್ತಾರೆ. ದೋಷ ಹೊಣೆಗಾರಿಕೆಯ ಅವಧಿ ಮುಗಿಯುವವರೆಗೆ ಕೆಟ್ಟದ್ದನ್ನು ಅವನೇ ಸರಿಪಡಿಸಬೇಕು. 2000ದಲ್ಲಿ ಆರಂಭವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ರಸ್ತೆಗಳಿಗೆ 5 ವರ್ಷದ ನಿರ್ವಹಣೆ ಗುತ್ತಿಗೆಯಲ್ಲಿಯೇ ಸೇರಿದೆ. ಹೊಸ ರಸ್ತೆ ಎರಡನೆಯ ಮಳೆಗಾಲಕ್ಕೆ ಕಿತ್ತುಹೋದರೆ ಹೊಸ ಅರ್ಜಿ ಬರೆಯುವ ಬದಲು ಹಳೆಯ ಗುತ್ತಿಗೆಯನ್ನು ಓದಿರಿ.

ಕಾಗದ ಸಿಗದಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆ ಇದೆ. 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ಮೀರಬಾರದು. ಅಂದಾಜುಪಟ್ಟಿ, ಅಳತೆ ಪುಸ್ತಕಗಳ ಪ್ರತಿ ಕೇಳುವುದಷ್ಟೇ ಅಲ್ಲ, ಕಾಮಗಾರಿಯನ್ನು ಪರಿಶೀಲಿಸಲು, ಬಳಸಿದ ಸಾಮಗ್ರಿಯ ಮಾದರಿ ಪಡೆಯಲು ಕೂಡ ಆ ಕಾಯಿದೆಯಲ್ಲಿ ಹಕ್ಕಿದೆ.

ಕಾಲದ ಲೆಕ್ಕವನ್ನೂ ಮರೆಯಬಾರದು. ಮಲೆನಾಡಿನಲ್ಲಿ ರಸ್ತೆ ಕೆಲಸಕ್ಕೆ ಸಿಗುವುದು ನವೆಂಬರಿನಿಂದ ಮೇವರೆಗೆ. ಸೇತುವೆಯ ಅಡಿಪಾಯಕ್ಕೆ ಜನವರಿಯಿಂದಾಚೆಗೆ ಮಾತ್ರ. ಏಪ್ರಿಲಿನಲ್ಲಿ ದರೆ ಕಡಿದು ಬಿಟ್ಟರೆ ಜೂನಿನಲ್ಲಿ ಆ ಮಣ್ಣೆಲ್ಲ ಕೆಳಗಿನ ಅಡಿಕೆ ತೋಟಕ್ಕೆ ಬರುತ್ತದೆ. ಕಾಂಕ್ರೀಟಿಗೆ ಎರಡು ವಾರವಾದರೂ ನೀರು ಹಾಕಿಸಿರಿ. ತೇವದ ಮೇಲೆ ಡಾಂಬರು ಹಾಕಲು ಬಿಡಬೇಡಿರಿ. ಚರಂಡಿ, ತಡೆಗೋಡೆ ಮುಗಿಯದೆ ರಸ್ತೆ ಮುಗಿಯಿತೆಂದು ಒಪ್ಪಬೇಡಿರಿ. ಘಟ್ಟದ ರಸ್ತೆಯನ್ನು ಕೆಡಿಸುವುದು ಚಕ್ರಕ್ಕಿಂತ ಹೆಚ್ಚಾಗಿ ನೀರು.

ಸದಸ್ಯರಲ್ಲಿ ಕೋರಿಕೆ

ಒಟ್ಟಿನಲ್ಲಿ ಕ್ರಮ ಹೀಗಿರಲಿ: ಮೊದಲು ಸರ್ವೆ ನಂಬರು ಮತ್ತು ಹಳೆಯ ದಾಖಲೆ, ನಂತರ ಹೆಕ್ಟೇರಿನ ಲೆಕ್ಕ, ನಿಯಮದಂತೆ ಕೋರಂ ಇರುವ ಗ್ರಾಮಸಭೆಯ ನಿರ್ಣಯ, ಇಲಾಖೆಯಿಂದ ಅರಣ್ಯಕ್ಕೆ ಅರ್ಜಿ, ಅಂದಾಜಿನಲ್ಲಿ ಅರಣ್ಯದ ಬಾಬ್ತು, ಕೊನೆಗೆ ಟೆಂಡರು. ನಡುವೆ ತೋಟದ ಜಮೀನು ಬಿಡಬೇಕಾಗಿ ಬಂದರೆ ಬಿಟ್ಟವರಿಂದ ಬರಹದಲ್ಲಿ ಒಪ್ಪಿಗೆ ಪಡೆಯಿರಿ. ಸಡಕ್ ಯೋಜನೆಯ ಹಣದಲ್ಲಿ ಜಮೀನಿನ ಬೆಲೆ ಸೇರಿಲ್ಲ, ಬಾಯಿಮಾತು ಮುಂದಿನ ತಲೆಮಾರಿಗೆ ನಿಲ್ಲುವುದಿಲ್ಲ.

ಕಾಡು ಉಳಿಯಬೇಕೆಂಬುದು ನಮ್ಮ ಸ್ವಾರ್ಥವೂ ಹೌದು. ತೋಟದ ನೀರು, ನೆರಳು, ಸೊಪ್ಪು ಎಲ್ಲ ಅಲ್ಲಿಂದಲೇ. ರಸ್ತೆ ಬೇಕೆಂಬುದೂ ಅಷ್ಟೇ ನ್ಯಾಯ. ಕಾನೂನಿನ ಒಳಗೆ ಎರಡಕ್ಕೂ ಜಾಗವಿದೆ. ಮುಂದಿನ ಗ್ರಾಮಸಭೆಯ ತಾರೀಖು ತಿಳಿದುಕೊಂಡು, ಸರ್ವೆ ನಂಬರಿನ ಪಟ್ಟಿಯೊಂದಿಗೆ ಹೋಗಿ ಕುಳಿತುಕೊಳ್ಳಿರಿ.