ಟವೆಲ್ಲಿನ ಸುಂಕ, ದಿಲ್ಲಿಯ ಸಮಿತಿ

ಸೊಲ್ಲಾಪುರದ ಅಕ್ಕಲಕೋಟ ರಸ್ತೆ, ಎಂಐಡಿಸಿ ಕೈಗಾರಿಕಾ ಪ್ರದೇಶ. ಮಗ್ಗದಿಂದ ಈಗಷ್ಟೇ ಇಳಿದ ಟೆರ್ರಿ ಟವೆಲ್. ಕೈಯಾಡಿಸಿ ನೋಡ್ರಿ, ಮೈತುಂಬ ನೂಲಿನ ಸಣ್ಣ ಸಣ್ಣ ಕುಣಿಕೆ. ಇದು ಹಡಗು ಹತ್ತಿ ಹೊರದೇಶಕ್ಕೂ ಹೋಗ್ತದೆ. 2025ರ ಆಗಸ್ಟ್ 27ರಿಂದ ಅಮೆರಿಕ ನಮ್ಮ ದೇಶದ ಹಲವು ಸರಕಿನ ಮೇಲೆ ಶೇ. 50 ಸುಂಕ ಹೇರಿದಾಗ ಅದರ ಬಿಸಿ ಈ ಓಣಿಗೂ ತಟ್ಟಿತು.

ಇಂಥದ್ದನ್ನು ಸಂಸತ್ತಿನಲ್ಲಿ ಕೂತು ಪರಿಶೀಲಿಸೋದು ವಾಣಿಜ್ಯ ಸ್ಥಾಯಿ ಸಮಿತಿ. ಲೋಕಸಭೆಯ 21, ರಾಜ್ಯಸಭೆಯ 10 ಸಂಸದರು. ಅಧಿಕಾರಿಗಳನ್ನು ಕರೆಸಿ ಕೇಳ್ತಾರೆ, ವರದಿ ಕೊಡ್ತಾರೆ. ಸರ್ಕಾರ ಒಪ್ಪಲೇಬೇಕೆಂದಿಲ್ಲ, ಆದರೆ ಉತ್ತರ ಹೇಳಬೇಕು.

ಸಂಸದರಿಗೆ ಅಂಕಿ-ಅಂಶ ಹುಡುಕಿ, ಪ್ರಶ್ನೆ ಸಿದ್ಧಮಾಡಿ ಕೊಡೋ ಕೆಲಸ ಕಲೀಬೇಕಾ? ಶಾಸನಸಭೆಗಳ ಕೆಲಸದ ಬಗ್ಗೆ ಸಂಶೋಧನೆ ಮಾಡೋ ಪಿಆರ್‌ಎಸ್ ಸಂಸ್ಥೆಯ ಲ್ಯಾಂಪ್ ಫೆಲೋಶಿಪ್ ಇದೆ. ಯಾವ ಪದವಿಯಾದರೂ ನಡೀತದೆ, ವಯಸ್ಸು 25 ದಾಟಿರಬಾರದು. ಒಬ್ಬ ಸಂಸದರ ಜೊತೆ ತಿಂಗಳುಗಟ್ಟಲೆ ದಿಲ್ಲಿಯಲ್ಲಿ ಕೆಲಸ. ಅವರು ಯಾವ ಸಮಿತಿಯಲ್ಲಿದ್ದಾರೋ ಅದರ ಕಡತ ನಿಮ್ಮ ಮೇಜಿಗೆ.

ಅಕ್ಕಲಕೋಟದ ಮಕ್ಕಳೇ, ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಮಗ್ಗದ ಓಣಿಯಲ್ಲಿ ತೆಲುಗು ಕೇಳಿ ಬೆಳೆದವರು ನೀವು. ನೇಕಾರರ ಮಾತು ನಿಮಗೆ ನೇರವಾಗಿ ತಿಳೀತದೆ, ಈ ಕೆಲಸಕ್ಕೆ ಅದು ದೊಡ್ಡ ಬಲ. ನೂಲಿನ ದರ, ಬಣ್ಣದ ಖರ್ಚು, ನಿಂತುಹೋದ ಆರ್ಡರು, ಎಲ್ಲಾ ಅವರನ್ನೇ ಕೇಳಿ ಇವತ್ತೇ ಬರೆದಿಟ್ಟುಕೊಳ್ರಿ.