ಕಾಸಿನ ಸರ: ಹೆಣ್ಣುಮಕ್ಕಳ ಕೊರಳಿನ ಖಾತೆ

ಆಭರಣವೆಂದರೆ ಶೃಂಗಾರ ಎಂದು ಎಲ್ಲರೂ ಹೇಳುತ್ತಾರೆ. ಮಾತು ನಿಜ, ಆದರೆ ಅರ್ಧ ನಿಜ. ಬರೀ ಶೃಂಗಾರಕ್ಕಾದರೆ ಹೂವು ಸಾಕು, ಗಾಜಿನ ಬಳೆ ಸಾಕು. ದಾಗಿನವು ಮೈಮೇಲಿದ್ದಾಗ ಅಲಂಕಾರ, ನಾಲ್ಕು ಜನರ ನಡುವೆ ಮಾನ, ಪೆಟ್ಟಿಗೆಯಲ್ಲಿದ್ದಾಗ ಧೈರ್ಯ, ಕಷ್ಟಕಾಲಕ್ಕೆ ರೊಕ್ಕ. ಈ ನಾಲ್ಕೂ ಗುಣಗಳನ್ನು ಒಂದೇ ಒಡವೆಯಲ್ಲಿ ಕಾಣಬೇಕಾದರೆ ಕಾಸಿನ ಸರವನ್ನು ನೋಡಬೇಕು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತದ ಕಡೆ ಇದರ ಒಂದು ಬಗೆಗೆ ಪುತಳಿ ಸರ ಎನ್ನುತ್ತೇವೆ. ಕಾಸರಗೋಡಿನ ಕಡೆ ಕಾಸುಮಾಲೆ ಎನ್ನುತ್ತಾರೆ. ನಾಣ್ಯವನ್ನು ಪೋಣಿಸಿ ಕೊರಳಿಗೆ ಹಾಕಿಕೊಳ್ಳುವ ಪದ್ಧತಿ ನಮ್ಮದು ಮಾತ್ರವಲ್ಲ. ಅರಬಸ್ಥಾನ, ತುರ್ಕಸ್ಥಾನ, ಆಫ್ರಿಕದವರೆಗೂ ಅದು ಹಬ್ಬಿದೆ. ವ್ಯಾಪಾರಿ ಮನೆತನಗಳಾದ ನಮಗೆ ಅದರ ಕಥೆಯಲ್ಲಿ ಕಲಿಯುವ ಪಾಠವೂ ಉಂಟು.

ರೋಮಿನ ಬಂಗಾರ, ತೇರದ ಮಣ್ಣು

ಎರಡು ಸಾವಿರ ವರ್ಷಗಳ ಹಿಂದೆ ನಮ್ಮ ದೇಶದ ಮೆಣಸು, ಮುತ್ತು, ನಯವಾದ ಬಟ್ಟೆಗಳಿಗಾಗಿ ರೋಮ್ ಸಾಮ್ರಾಜ್ಯದವರು ಚಿನ್ನ ಬೆಳ್ಳಿಯ ನಾಣ್ಯಗಳನ್ನು ಸುರಿಯುತ್ತಿದ್ದರು. ವರ್ಷಕ್ಕೆ ಐದು ಕೋಟಿ ಸೆಸ್ಟರ್ಸ್ ಹಣವನ್ನು ಭಾರತ ಸೆಳೆದುಕೊಳ್ಳುತ್ತಿದೆ ಎಂದು ಅಲ್ಲಿಯ ಪ್ಲಿನಿ ಎಂಬ ವಿದ್ವಾಂಸನು ಗೊಣಗಿದ್ದಾನೆ. ಹಾಗೆ ಬಂದ ಚಿನ್ನದ ನಾಣ್ಯಗಳಲ್ಲಿ ಕೆಲವಕ್ಕೆ ಅರಸನ ಮುಖದ ಮೇಲ್ಬದಿಯಲ್ಲಿ ಎರಡು ಸಣ್ಣ ತೂತುಗಳಿವೆ. ಕಾರಣ ಸ್ಪಷ್ಟ. ನಾಣ್ಯವು ಪೇಟೆಯಿಂದ ಮನೆಗೆ ಬಂದು ಕೊರಳನ್ನು ಸೇರಿದೆ.

ಧಾರಾಶಿವದ ಜೈನ ಗುಹೆಗಳ ದರ್ಶನಕ್ಕೆ ನಮ್ಮವರು ಅನೇಕರು ಹೋಗಿರುತ್ತಾರೆ. ಅದೇ ಜಿಲ್ಲೆಯ ತೇರ ಎಂಬ ಊರೇ ಪ್ರಾಚೀನ ಕಾಲದ ತಗರ ನಗರ. ಶಿಲಾಹಾರ ಅರಸರು ತಮ್ಮನ್ನು ತಗರಪುರವರಾಧೀಶ್ವರರೆಂದು ಕರೆದುಕೊಂಡದ್ದು ಇದೇ ಊರಿನ ಹೆಸರಿನಿಂದ. ಇಲ್ಲಿಂದ ಬಟ್ಟೆಯ ಗಂಟುಗಳು ಭರೂಚ ಬಂದರಿಗೆ ಹೋಗುತ್ತಿದ್ದವು. ತೇರದಲ್ಲೂ ತೆಲಂಗಾಣದ ಕೊಂಡಾಪುರದಲ್ಲೂ ಮಣ್ಣಿನಿಂದ ಮಾಡಿದ ರೋಮನ್ ನಾಣ್ಯದ ನಕಲುಗಳು ಸಿಕ್ಕಿವೆ. ಅರಸನ ಮುಖದ ಅಚ್ಚು ಒತ್ತಿ, ಮೇಲೆ ದಾರ ಪೋಣಿಸಲು ಕೊಂಡಿ ಮಾಡಿ, ಸುಟ್ಟ ಪದಕಗಳು ಅವು. ಚಿನ್ನದ ನಾಣ್ಯ ಕೊಳ್ಳಲಾಗದವಳೂ ಅದರ ಅಂದವನ್ನಾದರೂ ತೊಟ್ಟುಕೊಳ್ಳಲು ಬಯಸಿದ್ದಳೆಂದು ತೋರುತ್ತದೆ. ಆಭರಣದ ಆಕರ್ಷಣೆ ಎಷ್ಟು ಹಳೆಯದು, ನಕಲಿ ದಾಗಿನದ ವ್ಯಾಪಾರವೂ ಎಷ್ಟು ಹಳೆಯದು ನೋಡಿರಿ!

ವೆನಿಸ್ಸಿನ ಪುತಳಿ

ನಮ್ಮ ಪುತಳಿಯ ಮೂಲ ಇಟಲಿಯ ವೆನಿಸ್ ನಗರದಲ್ಲಿದೆ ಎಂದರೆ ಕೆಲವರಿಗೆ ಆಶ್ಚರ್ಯವಾದೀತು. ಆ ವ್ಯಾಪಾರಿ ನಗರವು 1284ರಲ್ಲಿ ಡುಕಾಟ್ ಎಂಬ ಚಿನ್ನದ ನಾಣ್ಯವನ್ನು ಹೊರಡಿಸಿತು. ತೂಕ ಸುಮಾರು ಮೂರೂವರೆ ಗ್ರಾಂ, ಚಿನ್ನ ಹೆಚ್ಚು ಕಡಿಮೆ ಅಪರಂಜಿ. ಒಂದು ಬದಿಯಲ್ಲಿ ಅವರ ಸಂತ ಮಾರ್ಕನು ನಿಂತು, ಮೊಣಕಾಲೂರಿದ ನಗರದ ಅಧಿಪತಿಗೆ ಧ್ವಜವನ್ನು ಕೊಡುವ ಚಿತ್ರ. ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಆ ಸಂತನಾರೋ, ಅಧಿಪತಿಯಾರೋ! ಅವರಿಗೆ ಕಂಡದ್ದು ಬೊಂಬೆಗಳು, ಅಂದರೆ ಪುತಳಿಗಳು. ಅದೇ ಹೆಸರು ನಿಂತಿತು. ಮುಂದೆ ಇಲ್ಲಿಯ ಪತ್ತಾರರೇ ಅದರ ಅಚ್ಚು ಮಾಡಿಕೊಂಡರು. ನಕಲು ಮಾಡುತ್ತ ಹೋದಂತೆ ಪರದೇಶದ ಅಕ್ಷರಗಳು ಅರ್ಥವಿಲ್ಲದ ಗೆರೆ ಚುಕ್ಕೆಗಳಾದವು.

ಒಂದು ಸಂಗತಿ ನಮ್ಮಂಥ ವ್ಯಾಪಾರಸ್ಥರು ನೆನಪಿಡತಕ್ಕದ್ದು. 1797ರಲ್ಲಿ ನೆಪೋಲಿಯನ್ನನ ಕೈಯಲ್ಲಿ ವೆನಿಸ್ ಗಣರಾಜ್ಯ ಮುಳುಗುವವರೆಗೆ, ಐದು ನೂರು ವರ್ಷಗಳಿಗೂ ಮಿಕ್ಕಿ, ಅವರು ಈ ನಾಣ್ಯದ ತೂಕವನ್ನಾಗಲಿ ಶುದ್ಧತೆಯನ್ನಾಗಲಿ ಕೆಡಿಸಲಿಲ್ಲ. ಅರಸರು ಬದಲಾದಂತೆ ನಾಣ್ಯಕ್ಕೆ ತಾಮ್ರ ಬೆರೆಸುವುದು ಲೋಕದ ರೂಢಿಯಾಗಿದ್ದ ಕಾಲದಲ್ಲಿ ಇದು ಸಣ್ಣ ಮಾತಲ್ಲ. ಸಮುದ್ರದಾಚೆಯ ನಾಣ್ಯವೊಂದು ದಖ್ಖನದ ಮನೆಗಳಲ್ಲಿ ಆಭರಣದ ಪದವಿ ಪಡೆದದ್ದರ ಹಿಂದೆ ಈ ವಿಶ್ವಾಸವಿತ್ತು.

ಸತ್ತ ರಾಣಿಯ ನಾಣ್ಯ

ಬೆಳ್ಳಿಯಲ್ಲಿಯೂ ಇಂಥದೇ ಕಥೆಯೊಂದಿದೆ. ಆಸ್ಟ್ರಿಯದ ರಾಣಿ ಮಾರಿಯಾ ತೆರೇಸಾ 1780ರಲ್ಲಿ ತೀರಿಕೊಂಡಳು. ಆದರೆ ಅವಳ ಮುಖವಿದ್ದ ಥೇಲರ್ ಎಂಬ ದೊಡ್ಡ ಬೆಳ್ಳಿ ನಾಣ್ಯವು ಸಾಯಲಿಲ್ಲ. ಯೆಮನ್, ಓಮಾನ್, ಇಥಿಯೋಪಿಯ ದೇಶಗಳ ಜನ ಬೇರೆ ನಾಣ್ಯ ಕೊಟ್ಟರೆ ಮುಟ್ಟುತ್ತಿರಲಿಲ್ಲ. ಹಾಗಾಗಿ 1780 ಎಂಬ ಅದೇ ಇಸವಿಯನ್ನು ಹಾಕಿ ಮತ್ತೆ ಮತ್ತೆ ಅಚ್ಚು ಒತ್ತಬೇಕಾಯಿತು. ಎರಡನೇ ಮಹಾಯುದ್ಧದ ವೇಳೆ, 1940-41ರಲ್ಲಿ, ನಮ್ಮ ಮುಂಬಯಿ ಟಂಕಸಾಲೆಯಲ್ಲಿಯೂ ಅದು ತಯಾರಾಯಿತು. ಇಪ್ಪತ್ತೆಂಟು ಗ್ರಾಂ ತೂಕ, ನೂರಕ್ಕೆ 83 ಪಾಲು ಬೆಳ್ಳಿ. ರಾಣಿಯ ಹೆಗಲ ಮೇಲಿನ ಪದಕದ ಮುತ್ತುಗಳನ್ನು ಎಣಿಸಿಯೇ ಅರಬ ವ್ಯಾಪಾರಿಗಳು ನಾಣ್ಯವನ್ನು ಸ್ವೀಕರಿಸುತ್ತಿದ್ದರಂತೆ. ಅಲ್ಲಿಯ ಹೆಂಗಸರು ಅದನ್ನು ಸರಕ್ಕೆ ಪೋಣಿಸುತ್ತಿದ್ದರು. ಅಕ್ಕಸಾಲಿಗರು ಅದನ್ನೇ ಕರಗಿಸಿ ಕಡಗ, ಕಾಲಂದುಗೆ ಮಾಡುತ್ತಿದ್ದರು.

ಪ್ಯಾಲೆಸ್ಟೈನಿನ ಹಳ್ಳಿಗಳಲ್ಲಿ ಮದುವೆಯಾದ ಹೆಣ್ಣು ತಲೆಯ ಮೇಲಿನ ಉಡುಪಿಗೆ ಸಾಲುಸಾಲಾಗಿ ನಾಣ್ಯಗಳನ್ನು ಹೊಲಿದುಕೊಳ್ಳುತ್ತಿದ್ದಳು. ಅವು ಅವಳಿಗೆ ಬಂದ ವಧುಧನದವು, ಅವಳ ಸ್ವಂತದವು. ತುರ್ಕಸ್ಥಾನದ ಮದುವೆಗಳಲ್ಲಿ ಇಂದಿಗೂ ಬಂಧುಗಳು ಕೆಂಪು ರಿಬ್ಬನ್ ಕಟ್ಟಿದ ಚಿನ್ನದ ನಾಣ್ಯವನ್ನು ವಧುವಿನ ಉಡುಪಿಗೆ ಪಿನ್ ಹಾಕಿ ಸಿಕ್ಕಿಸುತ್ತಾರೆ. ಹೆಚ್ಚಾಗಿ ಕೊಡುವುದು ಸುಮಾರು ಪೌಣೆ ಎರಡು ಗ್ರಾಂ ತೂಗುವ, ಇಪ್ಪತ್ತೆರಡು ಕ್ಯಾರೆಟ್ಟಿನ ಸಣ್ಣ ನಾಣ್ಯ. ಧರ್ಮ ಬೇರೆ, ಭಾಷೆ ಬೇರೆ. ಆದರೆ ಹೊಸ ಸಂಸಾರಕ್ಕೆ ಕಾಲಿಡುವ ಹೆಣ್ಣು ಬರಿಗೈಯಲ್ಲಿ ಹೋಗಬಾರದೆಂಬ ಕಳಕಳಿ ಒಂದೇ.

ರೂಪಾಯಿ, ಪವನು, ತೊಲೆ

ನಮ್ಮ ಲಂಬಾಣಿ ಹೆಣ್ಣುಮಕ್ಕಳ ಕೊರಳಿನ ಬೆಳ್ಳಿ ರೂಪಾಯಿ ಸರವನ್ನು ನೋಡದವರಿಲ್ಲ. ಆ ಹಳೆಯ ರೂಪಾಯಿಯ ತೂಕ ಸರಿಯಾಗಿ ಒಂದು ತೊಲೆ, ಅಂದರೆ 11.66 ಗ್ರಾಂ. ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ. 1940ರಲ್ಲಿ ಸರಕಾರವು ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿತು, ಮುಂದೆ ರೂಪಾಯಿಯು ನಿಕ್ಕಲಿನದಾಯಿತು. ಪೇಟೆಯಲ್ಲಿ ತಿರುಗುವ ರೂಪಾಯಿ ಸವೆಯಿತು, ಕೊರಳಲ್ಲಿದ್ದ ರೂಪಾಯಿ ಉಳಿಯಿತು. ಓದು ಬರಹ ಬಾರದ ಆ ತಾಯಂದಿರು ಯಾವ ಬ್ಯಾಂಕಿನವರಿಗೂ ಕಡಿಮೆಯಿಲ್ಲದಂತೆ ಲೆಕ್ಕ ಹಾಕಿದ್ದರು.

1817ರಲ್ಲಿ ಹೊಸ ರೂಪದಲ್ಲಿ ಹೊರಟ ಇಂಗ್ಲಿಷರ ಸವರನ್ ನಾಣ್ಯವೂ ಕೊರಳು ಸೇರಿತು. 7.98 ಗ್ರಾಂ ತೂಕ, ಇಪ್ಪತ್ತೆರಡು ಕ್ಯಾರೆಟ್. 1918ರಲ್ಲಿ ಇದನ್ನು ಮುಂಬಯಿಯಲ್ಲೂ ಅಚ್ಚು ಹಾಕಿದರು. ಇದರಿಂದಲೇ ಕಾಸರಗೋಡು, ತಮಿಳುನಾಡಿನ ಕಡೆ ಎಂಟು ಗ್ರಾಮಿಗೆ ಒಂದು ಪವನು ಎಂಬ ಲೆಕ್ಕ ನಿಂತಿದೆ. ನಮ್ಮ ಸೊಲ್ಲಾಪುರದ ಕಡೆ ತೊಲೆ ಎಂದರೆ ಸರಾಫರು ಈಗ ಹತ್ತು ಗ್ರಾಂ ಎಂದೇ ಹಿಡಿಯುತ್ತಾರೆ, ಹಿರಿಯರ ಮನಸ್ಸಿನಲ್ಲಿ ಮಾತ್ರ ಹಳೆಯ ತೊಲೆಯೇ ಇದೆ. ಹತ್ತು ತೊಲೆಗೆ ಇದರಿಂದ ಹದಿನಾರು ಗ್ರಾಮಿಗೂ ಹೆಚ್ಚು ವ್ಯತ್ಯಾಸ ಬರುತ್ತದೆ. ಗಡಿಯ ಆಚೆ ಈಚೆ ಸಂಬಂಧ ಬೆಳೆಸುವ ನಾವು ಮಾತುಕತೆಗೆ ಕೂತಾಗ ಗ್ರಾಮಿನಲ್ಲಿಯೇ ಮಾತಾಡುವುದು ಎರಡೂ ಕಡೆಯವರಿಗೆ ಕ್ಷೇಮ.

ಪತ್ತಾರನ ಕೈಕೆಲಸ

ಕಾಸಿನ ಸರದ ಅಂದವಿರುವುದು ಒಂದೊಂದು ಕಾಸೂ ಒಂದೇ ಸಮನೆ ಕೂಡುವುದರಲ್ಲಿ. ಪತ್ತಾರನು ಚಿನ್ನವನ್ನು ತಗಡು ಮಾಡಿ, ಅಚ್ಚಿನ ಮೇಲಿಟ್ಟು ಬಡಿದು, ಅಂಚು ಕತ್ತರಿಸಿ, ಪ್ರತಿ ಕಾಸಿಗೂ ಕೊಂಡಿಯನ್ನು ಬೆಸೆಯುತ್ತಾನೆ. ಹಿಂದೆ ಅದನ್ನು ಪಟವೇಗಾರರು ರೇಷ್ಮೆ ದಾರದಲ್ಲಿ ಪೋಣಿಸಿ ಗೊಂಡೆ ಕಟ್ಟಿ ಕೊಡುತ್ತಿದ್ದರು. ಕಾಸು ಕಾಸಿನ ಮೇಲೆ ಅರ್ಧ ಮಲಗಿ, ನಡೆದಾಗ ಮೆಲ್ಲಗೆ ಸದ್ದಾಗುವಂತೆ ಹೆಣೆಯುವುದರಲ್ಲಿ ಅವರ ಜಾಣತನವಿತ್ತು.

ಹಳೆಯ ಸರವನ್ನು ಮುರಿಸುವ ಮುಂಚೆ ಒಂದು ಕೆಲಸ ಮಾಡಿರಿ. ಹಗಲು ಬೆಳಕಿನಲ್ಲಿ, ಭೂತಗನ್ನಡಿ ಹಿಡಿದು ಒಂದೊಂದೇ ಕಾಸನ್ನು ನೋಡಿರಿ. ಅಕ್ಷರ ಸ್ಪಷ್ಟವಿದ್ದರೆ ಅದು ನಿಜವಾದ ಡುಕಾಟ್, ಸವರನ್ ಅಥವಾ ವರಹ ಇರಬಹುದು. ಅಂಥದಕ್ಕೆ ಚಿನ್ನದ ಬೆಲೆಯ ಮೇಲೆ ಪ್ರಾಚೀನತೆಯ ಬೆಲೆಯೂ ಇರುತ್ತದೆ. ಬಲ್ಲವರಿಗೆ ತೋರಿಸದೆ ಮೂಸೆಗೆ ಹಾಕಬಾರದು. ಹೊಸದು ಮಾಡಿಸುವವರು ಹಾಲ್‌ಮಾರ್ಕ್ ಮುದ್ರೆಯನ್ನು ಕೇಳಿ ಪಡೆಯಬೇಕು. 2023ರ ಏಪ್ರಿಲ್ 1ರಿಂದ ಆರು ಅಕ್ಷರ-ಅಂಕಿಗಳ ಗುರುತು ಸಂಖ್ಯೆ ಇರುವ ಮುದ್ರೆಯೇ ನಡೆಯತಕ್ಕದ್ದು. ಇಪ್ಪತ್ತೆರಡು ಕ್ಯಾರೆಟ್ಟಿಗೆ 916 ಎಂದು ಇರುತ್ತದೆ.

ಈ ಸರ ಯಾರದು?

ಈಗ ಮುಖ್ಯ ವಿಷಯಕ್ಕೆ ಬರೋಣ. ನಮ್ಮ ಅನೇಕ ಅಂಗಡಿಗಳು ಮೊದಲು ಬಾಗಿಲು ತೆರೆದದ್ದು ಯಾರ ಭಾಂಡವಲಿನಿಂದ? ಅವ್ವನ ಪುತಳಿ ಸರ ಒತ್ತೆ ಬಿದ್ದು, ಇಲ್ಲವೆ ಹೆಂಡತಿಯ ಪಾಟಲಿ ಮಾರಾಟವಾಗಿ ಎಷ್ಟೋ ಗಾದಿಗಳು ನಿಂತಿವೆ. ತಪ್ಪಲ್ಲ, ಸಂಸಾರ ಇಬ್ಬರದು. ಆದರೆ ಕೀರ್ದಿ ಪುಸ್ತಕ ತೆರೆದು ನೋಡಿರಿ. ಸಾವಕಾರನ ಸಾಲ ಬಡ್ಡಿ ಸಮೇತ ಬರೆದಿರುತ್ತದೆ, ದಲಾಲಿಯ ಹತ್ತು ರೂಪಾಯಿಯೂ ಬರೆದಿರುತ್ತದೆ. ಮನೆಯಾಕೆಯ ಸರ ಮಾತ್ರ ಯಾವ ಪುಟದಲ್ಲಿಯೂ ಜಮಾ ಆಗಿರುವುದಿಲ್ಲ. ಮುಂದೆ ಅಣ್ಣತಮ್ಮಂದಿರು ಪಾಲಿಗೆ ಕೂತಾಗ ಆ ಸರದಿಂದ ಬೆಳೆದ ಅಂಗಡಿಗೆ ಪಾಲುದಾರರು ಹುಟ್ಟುತ್ತಾರೆ, ಸರ ಕೊಟ್ಟವಳು ಅಡಿಗೆಮನೆಯ ಬಾಗಿಲಲ್ಲಿ ನಿಂತಿರುತ್ತಾಳೆ.

ಕಾಯದೆ ಈ ವಿಷಯದಲ್ಲಿ ಸ್ಪಷ್ಟವಿದೆ. ಸ್ತ್ರೀಧನವು ಸಂಪೂರ್ಣವಾಗಿ ಅವಳದೇ, ಗಂಡನ ಮನೆಯವರು ಅದನ್ನು ಇಟ್ಟುಕೊಂಡಿದ್ದರೆ ಬರೀ ವಿಶ್ವಸ್ಥರು ಎಂದು ಸುಪ್ರೀಂ ಕೋರ್ಟು 1985ರಲ್ಲಿಯೇ ಹೇಳಿದೆ. 2024ರಲ್ಲಿ ಮತ್ತೆ, ಕಷ್ಟಕಾಲದಲ್ಲಿ ಗಂಡ ಅದನ್ನು ಬಳಸಬಹುದು, ಆದರೆ ಅದನ್ನಾಗಲಿ ಅದರ ಬೆಲೆಯನ್ನಾಗಲಿ ಹಿಂದಿರುಗಿಸುವ ನೈತಿಕ ಹೊಣೆ ಅವನ ಮೇಲಿದೆ ಎಂದು ತೀರ್ಪು ಕೊಟ್ಟಿತು.

ನಮ್ಮ ಶಾಸ್ತ್ರವೂ ಸೂಕ್ಷ್ಮವಾಗಿಯೇ ಹೇಳುತ್ತದೆ. ತತ್ತ್ವಾರ್ಥಸೂತ್ರವು ಪರಿಗ್ರಹ ಪರಿಮಾಣ ವ್ರತದ ಅತಿಚಾರಗಳನ್ನು ಹೇಳುವಲ್ಲಿ ಹಿರಣ್ಯ, ಸುವರ್ಣ ಎಂದು ಎರಡು ಹೆಸರುಗಳನ್ನು ಹೇಳುತ್ತದೆ. ಹಿರಣ್ಯವೆಂದರೆ ವ್ಯವಹಾರಕ್ಕೆ ನಡೆಯುವ ಬೆಳ್ಳಿ ಮುಂತಾದದ್ದು ಎಂದು ಪೂಜ್ಯಪಾದರ ಟೀಕೆ. ಕಾಸಿನ ಸರವು ಹಿರಣ್ಯವೂ ಹೌದು, ಸುವರ್ಣವೂ ಹೌದು. ತನ್ನ ಸೊತ್ತಿಗೆ ಮಿತಿ ಹಾಕಿಕೊಳ್ಳುವ ಶ್ರಾವಕನು ತನ್ನದು ಯಾವುದು, ಹೆಂಡತಿಯದು ಯಾವುದು, ಸೊಸೆಯದು ಯಾವುದು ಎಂಬುದನ್ನು ಮೊದಲು ತಿಳಿದಿರಬೇಕಲ್ಲವೆ?

ಲೆಕ್ಕ ಬರೆಯುವ ಕ್ರಮವನ್ನೂ ಹೇಳಿಬಿಡುತ್ತೇನೆ. ರೂಪಾಯಿಯಲ್ಲಿ ಬರೆಯಬೇಡಿರಿ, ಗ್ರಾಮಿನಲ್ಲಿ ಬರೆಯಿರಿ. 1995ರ ಸುಮಾರಿಗೆ ಹತ್ತು ಗ್ರಾಂ ಚಿನ್ನಕ್ಕೆ ಐದು ಸಾವಿರ ರೂಪಾಯಿಯ ಒಳಗೆ ದರವಿತ್ತು. 2024ರಲ್ಲಿ ಅದು ಎಪ್ಪತ್ತು ಸಾವಿರ ದಾಟಿತು. ಅಂದು ಐವತ್ತು ಗ್ರಾಮಿನ ಸರವನ್ನು ಮಾರಿ ಅಂಗಡಿಗೆ ಹಾಕಿದವನು ಇಂದು ಇಪ್ಪತ್ತೈದು ಸಾವಿರ ಕೈಗಿಟ್ಟು ಬಾಕಿ ತೀರಿತು ಎಂದರೆ ಅದು ಲೆಕ್ಕವೂ ಅಲ್ಲ, ನ್ಯಾಯವೂ ಅಲ್ಲ. ಐವತ್ತು ಗ್ರಾಂ ತೆಗೆದುಕೊಂಡವನು ಐವತ್ತು ಗ್ರಾಮೇ ಕೊಡಬೇಕು, ಅದು ಮೂರೂವರೆ ಲಕ್ಷ ಮೀರಿದರೂ ಸರಿಯೇ. ಒಮ್ಮೆಲೇ ಆಗದಿದ್ದರೆ ಪ್ರತಿ ಪಾಡ್ಯಕ್ಕೆ ಎರಡು ಗ್ರಾಮಿನ ಒಂದೊಂದು ಕಾಸು ತಂದು ಕೊಡಿರಿ. ಮೊದಲು ಸರ ಬೆಳೆದದ್ದೂ ಹಾಗೆಯೇ, ಒಂದೊಂದೇ ಕಾಸಾಗಿ.

ಹುಂಡಿಯ ಮೇಲಿನ ಒಂದು ಸಹಿಗೆ ಪ್ರಾಣ ಕೊಡುವವರೆಂದು ವ್ಯಾಪಾರಿ ಮನೆತನಗಳು ಹೆಸರು ಮಾಡಿವೆ. ಈ ದೀಪಾವಳಿಗೆ ಹೊಸ ಚೋಪಡಿಯ ಪೂಜೆ ಮಾಡುವಾಗ ಅವ್ವನ ಹೆಸರಿಗೆ, ಮನೆಯಾಕೆಯ ಹೆಸರಿಗೆ, ಸೊಸೆಯ ಹೆಸರಿಗೆ ಒಂದೊಂದು ಪುಟ ತೆಗೆದು, ಅವರಿಂದ ಬಂದ ದಾಗಿನದ ತೂಕವನ್ನು ಜಮಾ ಬರೆಯಿರಿ ಎಂದು ವಾಚಕ ಬಾಂಧವರಲ್ಲಿ ನನ್ನ ವಿನಂತಿ.