ಶಸ್ತ್ರಕ್ರಿಯೆಯಾದ ಹೃದಯದಲ್ಲಿ ಮತ್ತೆ ಸೋರಿಕೆ: ಎದೆ ತೆರೆಯದೆಯೂ ದಾರಿಯುಂಟು

ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಹಳ್ಳಿಗಳಲ್ಲಿ ಎದೆಯ ನಡುವೆ ಉದ್ದನೆಯ ಹೊಲಿಗೆಯ ಗುರುತು ಹೊತ್ತವರನ್ನು ಕಾಣುವುದು ಇಂದು ಅಪರೂಪವಲ್ಲ. ಬಾಲ್ಯದಲ್ಲಿ ಗಂಟಲುನೋವಿನ ಬೆನ್ನಿಗೇ ಬಂದ ರುಮ್ಯಾಟಿಕ್ ಜ್ವರದಿಂದ ಹೃದಯದ ಕವಾಟ ಕೆಟ್ಟು, ಕೃತಕ ಕವಾಟ ಹಾಕಿಸಿಕೊಂಡವರು ಕೆಲವರು. ಹುಟ್ಟಿನಿಂದಲೇ ಇದ್ದ ರಂಧ್ರವನ್ನು ಮುಚ್ಚಿಸಿಕೊಂಡವರು ಮತ್ತೆ ಕೆಲವರು. ಇವರಲ್ಲಿ ಬಹುಪಾಲು ಜನ ನೆಮ್ಮದಿಯಿಂದ ಕಾಯಕ ಮಾಡಿಕೊಂಡಿದ್ದಾರೆ. ಆದರೆ ಕೆಲವರಿಗೆ ವರ್ಷಗಳ ತರುವಾಯ ಏದುಸಿರು ಮರಳುತ್ತದೆ. ಆಗ ಅವರು ದೊಡ್ಡ ಆಸ್ಪತ್ರೆಗೆ ಹೋಗಲು ಅಂಜಿ, ಕಷಾಯವೋ ಲೇಹ್ಯವೋ ಸಾಕೆಂದು ನಮ್ಮಂಥ ಆಯುರ್ವೇದ ವೈದ್ಯರ ಬಳಿಗೆ ಬರುತ್ತಾರೆ. ಮತ್ತೊಮ್ಮೆ ಎದೆ ತೆರೆಯುತ್ತಾರೆಂಬ ಭಯವೇ ಇದಕ್ಕೆ ಕಾರಣ. ಆ ಭಯ ಎಲ್ಲ ಸಂದರ್ಭಗಳಲ್ಲೂ ಸಲ್ಲದು ಎಂಬುದನ್ನು ಸದ್ಭಕ್ತರಿಗೆ ತಿಳಿಸುವುದು ಈ ಲೇಖನದ ಉದ್ದೇಶ.

ಮೊದಲು ದೋಷದ ಸ್ವರೂಪವನ್ನು ನೋಡೋಣ. ಕೃತಕ ಕವಾಟದ ಸುತ್ತ ಬಟ್ಟೆಯ ಉಂಗುರವೊಂದಿರುತ್ತದೆ. ಶಸ್ತ್ರವೈದ್ಯರು ಅದನ್ನು ಹೃದಯದ ಮಾಂಸಕ್ಕೆ ಸುತ್ತಲೂ ಹೊಲಿದು ಕೂರಿಸುತ್ತಾರೆ. ಕಾಲಕ್ರಮದಲ್ಲಿ ಉಂಗುರವೂ ಮಾಂಸವೂ ಬೆಸೆದುಕೊಳ್ಳಬೇಕು. ಎಲ್ಲಿಯಾದರೂ ಹೊಲಿಗೆ ಸಡಿಲವಾದರೆ, ಸುಣ್ಣದ ಅಂಶ ಕಟ್ಟಿಕೊಂಡ ಜಾಗದಲ್ಲಿ ದಾರ ಹಿಡಿಯದೆ ಹೋದರೆ, ಅಥವಾ ಸೋಂಕು ತಗುಲಿ ಮಾಂಸ ಕೊರೆದುಹೋದರೆ, ಕವಾಟದ ಪಕ್ಕದಲ್ಲಿ ಸಂದು ಬೀಳುತ್ತದೆ. ಬಾಗಿಲು ಗಟ್ಟಿಯಾಗಿದ್ದರೂ ಚೌಕಟ್ಟು ಗೋಡೆಯಿಂದ ಬಿಟ್ಟುಕೊಂಡರೆ ಗಾಳಿ ನುಗ್ಗುವಂತೆ, ರಕ್ತವು ಆ ಸಂದಿನಲ್ಲಿ ಹಿಮ್ಮುಖವಾಗಿ ಹರಿಯುತ್ತದೆ. ಹಾಗೆಯೇ, ಬಾಲ್ಯದಲ್ಲಿ ರಂಧ್ರಕ್ಕೆ ಹಾಕಿದ ತೇಪೆಯ ಅಂಚಿನಲ್ಲಿ ಕಿಂಡಿ ಉಳಿಯುವುದುಂಟು.

ಎಲ್ಲ ಸೋರಿಕೆಗೂ ಚಿಕಿತ್ಸೆ ಬೇಕಿಲ್ಲ. ಸಣ್ಣದು ತೊಂದರೆ ಕೊಡದೆ ಹಾಗೆಯೇ ಇರಬಹುದು. ದೊಡ್ಡದಾದರೆ ನಡೆದಾಗ, ಮಲಗಿದಾಗ ಉಸಿರು ಕಟ್ಟುತ್ತದೆ, ಪಾದ ಊದಿಕೊಳ್ಳುತ್ತದೆ. ಇನ್ನೊಂದು ಲಕ್ಷಣವನ್ನು ನಮ್ಮ ಜನ ಗುರುತಿಸುವುದೇ ಇಲ್ಲ. ಇಕ್ಕಟ್ಟಾದ ಸಂದಿನಲ್ಲಿ ರಭಸದಿಂದ ನುಗ್ಗುವ ರಕ್ತದ ಕೆಂಪುಕಣಗಳು ಒಡೆದುಹೋಗುತ್ತವೆ. ಆಗ ಮೈ ಬಿಳಿಚಿಕೊಳ್ಳುತ್ತದೆ, ಕಣ್ಣು ಹಳದಿಯಾಗುತ್ತದೆ, ಮೂತ್ರ ಕಡು ಬಣ್ಣಕ್ಕೆ ತಿರುಗುತ್ತದೆ. ಇದನ್ನು ಕಾಮಾಲೆಯೆಂದು ಭಾವಿಸಿ ನಾಟಿ ಔಷಧ ಕುಡಿಸುತ್ತ ಕೂತರೆ ಅಮೂಲ್ಯ ಕಾಲ ಕಳೆದುಹೋಗುತ್ತದೆ. ಕವಾಟ ಬದಲಾಯಿಸಿಕೊಂಡವರಲ್ಲಿ ಕಣ್ಣು ಹಳದಿಯಾದರೆ ಹೃದಯವನ್ನೂ ಪರೀಕ್ಷಿಸಲೇಬೇಕು.

ಈಗ ಚಿಕಿತ್ಸೆಯ ವಿಚಾರ. 1929ರಲ್ಲಿ ಜರ್ಮನಿಯ ತರುಣ ವೈದ್ಯ ವರ್ನರ್ ಫೋರ್ಸ್‌ಮನ್ ತನ್ನ ತೋಳಿನ ರಕ್ತನಾಳದ ಮೂಲಕ ತೆಳುವಾದ ನಳಿಕೆಯನ್ನು ತನ್ನದೇ ಹೃದಯದವರೆಗೆ ತಳ್ಳಿ, ಎಕ್ಸ್‌ರೇ ತೆಗೆಸಿಕೊಂಡರು. 1956ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಹಂಚಿಕೆಯಾಗಿ ಸಂದಿತು. ಆ ನಳಿಕೆಯೇ ಕ್ಯಾತಿಟರ್. ಕವಾಟದ ಪಕ್ಕದ ಸೋರಿಕೆಯನ್ನು ಕ್ಯಾತಿಟರ್ ಮೂಲಕ ಮುಚ್ಚಿದ ಮೊದಲ ವರದಿ ಅಮೆರಿಕದಿಂದ 1992ರಲ್ಲಿ ಬಂದಿತು. 2000ದಲ್ಲಿ ಪ್ಯಾರಿಸ್‌ನ ವೈದ್ಯ ಫಿಲಿಪ್ ಬೊನ್‌ಹೋಫರ್ ಅವರು, ಹಿಂದೆ ಶಸ್ತ್ರಕ್ರಿಯೆಯಲ್ಲಿ ಜೋಡಿಸಿದ್ದ ಕೊಳವೆ ಕೆಟ್ಟಿದ್ದ 12 ವರ್ಷದ ಬಾಲಕನಿಗೆ ಎದೆ ತೆರೆಯದೆಯೇ ಶ್ವಾಸಕೋಶದ ರಕ್ತನಾಳದ ಕವಾಟವನ್ನು ಕೂರಿಸಿದರು.

ಕವಾಟದ ಸೋರಿಕೆಯನ್ನು ಮುಚ್ಚುವ ಕ್ರಮ ಹೀಗಿದೆ. ಅನ್ನನಾಳದೊಳಗೆ ಎಕೋ ಯಂತ್ರದ ಕಡ್ಡಿಯನ್ನಿಳಿಸಿ, ಹೃದಯವನ್ನು ಹಿಂಬದಿಯಿಂದ ನೋಡಿ, ಸಂದು ಎಲ್ಲಿದೆ, ಎಷ್ಟು ದೊಡ್ಡದಿದೆ ಎಂದು ಅಳೆಯುತ್ತಾರೆ. ಬಳಿಕ ಸಾಮಾನ್ಯವಾಗಿ ತೊಡೆಸಂದಿನ ರಕ್ತನಾಳದಿಂದ ಕ್ಯಾತಿಟರನ್ನು ಹೃದಯಕ್ಕೆ ಒಯ್ದು, ಕೂದಲಿನಂಥ ತಂತಿಯನ್ನು ಸಂದಿನೊಳಗೆ ದಾಟಿಸುತ್ತಾರೆ. ಆ ತಂತಿಯ ದಾರಿಯಲ್ಲೇ ನಿಕ್ಕಲ್ ಮತ್ತು ಟೈಟಾನಿಯಂ ಮಿಶ್ರಲೋಹದ ಎಳೆಗಳಿಂದ ನೇಯ್ದ ಬಿರಡೆ ಸಾಗುತ್ತದೆ. ಮೊಳಕಾಲ್ಮೂರಿನ ರೇಷ್ಮೆ ನೇಕಾರರಿಗೆ ನೇಯ್ಗೆಯ ಬಲವನ್ನು ಹೇಳಿಕೊಡಬೇಕಿಲ್ಲ. ಈ ಲೋಹದ ನೇಯ್ಗೆಯು ನಳಿಕೆಯೊಳಗೆ ಎಳೆದಂತೆ ಸಪೂರವಾಗಿ, ಹೊರಬಂದೊಡನೆ ತನ್ನ ಮೂಲ ಆಕಾರಕ್ಕೆ ಅರಳಿ ಸಂದನ್ನು ತುಂಬುತ್ತದೆ. ಕವಾಟದ ಚಲನೆಗೆ ಅಡ್ಡಿಯಿಲ್ಲವೆಂದು ಖಚಿತವಾದ ಮೇಲೆಯೇ ಅದನ್ನು ಕಳಚಿ ಬಿಡುತ್ತಾರೆ. ಅಡ್ಡಿಯಾದರೆ ಹಿಂದಕ್ಕೆ ಎಳೆದುಕೊಳ್ಳಲು ಸಾಧ್ಯ.

ಇದು ಪವಾಡವಲ್ಲ ಎಂಬುದನ್ನೂ ಹೇಳಬೇಕು. ಸೋರಿಕೆ ಪೂರ್ತಿ ನಿಲ್ಲದಿರಬಹುದು, ಕೆಂಪುಕಣ ಒಡೆಯುವುದು ಮುಂದುವರಿಯಬಹುದು. ಬಿರಡೆ ಜಾರುವುದು, ರಕ್ತಸ್ರಾವ, ಪಾರ್ಶ್ವವಾಯು ಇವು ಅಪರೂಪವಾದರೂ ಇಲ್ಲವೆನ್ನಲಾಗದು. ಸೋಂಕು ಸಕ್ರಿಯವಾಗಿರುವಾಗ, ಅಥವಾ ಕವಾಟವೇ ಬುಡಸಹಿತ ಅಲುಗಾಡುವಾಗ ಈ ವಿಧಾನ ಸಲ್ಲದು. ಆಗ ಶಸ್ತ್ರಕ್ರಿಯೆಯೇ ಮಾರ್ಗ. ಯಾರಿಗೆ ಯಾವುದು ಎಂಬುದನ್ನು ಹೃದ್ರೋಗ ತಜ್ಞರೂ ಶಸ್ತ್ರವೈದ್ಯರೂ ಕೂಡಿ ನಿರ್ಧರಿಸಬೇಕು.

ಆಯುರ್ವೇದವು ಹೃದಯವನ್ನು ಶಿರಸ್ಸು, ಬಸ್ತಿಗಳೊಡನೆ ಮೂರು ಮಹಾಮರ್ಮಗಳಲ್ಲಿ ಒಂದೆಂದು ಎಣಿಸಿದೆ. ಅರ್ಜುನದ ತೊಗಟೆಯನ್ನು ಹೃದ್ಯವೆಂದು ನಾವು ಬಳಸುತ್ತ ಬಂದಿದ್ದೇವೆ. ಆದರೆ ಹೊಲಿಗೆ ಬಿಟ್ಟ ಸಂದನ್ನು ಯಾವ ತೊಗಟೆಯೂ ಯಾವ ಭಸ್ಮವೂ ಮುಚ್ಚಲಾರದು. ಶಲ್ಯತಂತ್ರವನ್ನು ಪ್ರತ್ಯೇಕ ಅಂಗವಾಗಿ ಬೆಳೆಸಿದ ಶಾಸ್ತ್ರ ನಮ್ಮದು. ಶಲ್ಯಸಾಧ್ಯವಾದ ರೋಗಕ್ಕೆ ಔಷಧ ಕೊಟ್ಟು ಕಾಲಹರಣ ಮಾಡುವುದು ಆ ಶಾಸ್ತ್ರಕ್ಕೂ ಗೌರವವಲ್ಲ.

ಲೋಹದ ಕವಾಟವಿರುವವರು ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಅಥವಾ ಅಸಿಟ್ರೋಮ್ ಮಾತ್ರೆಯನ್ನು ಜೀವನಪರ್ಯಂತ ಸೇವಿಸಬೇಕು. ನಮ್ಮ ಔಷಧಿ ಆರಂಭಿಸಿದೆವೆಂದು ಅದನ್ನು ನಿಲ್ಲಿಸಿದರೆ ಕವಾಟದಲ್ಲಿ ಗರಣೆ ಕಟ್ಟಿ ಪ್ರಾಣಕ್ಕೇ ಅಪಾಯ. ಗುಗ್ಗುಳು, ಬೆಳ್ಳುಳ್ಳಿ ಮತ್ತು ಅರಿಶಿನದ ಸಾರದ ಮಾತ್ರೆ, ಅಂಗಡಿಯ ನೋವಿನ ಗುಳಿಗೆ ಇವು ಆ ಮಾತ್ರೆಯ ಪರಿಣಾಮವನ್ನು ಏರುಪೇರು ಮಾಡಿ ರಕ್ತಸ್ರಾವ ತರಬಲ್ಲವು. ಸೊಪ್ಪಿನ ಸಾರು ಬಿಡಬೇಕಿಲ್ಲ. ಆದರೆ ಒಂದು ವಾರ ದಿನವೂ ಸೊಪ್ಪು, ಮರುವಾರ ಒಂದೆಲೆಯೂ ಇಲ್ಲ ಎಂಬಂತಾಗದೆ ಪ್ರಮಾಣ ಒಂದೇ ಸಮನಾಗಿರಲಿ. ಐಎನ್‌ಆರ್ ಪರೀಕ್ಷೆಯನ್ನು ವೈದ್ಯರು ಹೇಳಿದ ಅವಧಿಗೆ ತಪ್ಪದೆ ಮಾಡಿಸಬೇಕು. ಹಲ್ಲು ಕೀಳಿಸುವ ಮುನ್ನ ಕವಾಟದ ವಿಷಯವನ್ನು ದಂತವೈದ್ಯರಿಗೆ ತಿಳಿಸಿ, ಸೋಂಕು ತಡೆಯುವ ಔಷಧ ಪಡೆಯಬೇಕು. ಕಾರಣ ತಿಳಿಯದ ಜ್ವರ ಕೆಲವು ದಿನ ಬಿಡದಿದ್ದರೆ ಆಂಟಿಬಯೋಟಿಕ್ ನುಂಗುವ ಮೊದಲೇ ರಕ್ತಪರೀಕ್ಷೆಯಾಗಬೇಕು.

ದೂರ ಮತ್ತು ಖರ್ಚಿನ ಚಿಂತೆ ಸಹಜ. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯು ನಮ್ಮ ಚಿತ್ರದುರ್ಗದ ಬೃಹನ್ಮಠದ ಶ್ರೀ ಜಯದೇವ ಮುರುಘರಾಜೇಂದ್ರ ಸ್ವಾಮಿಗಳ ಹೆಸರನ್ನು ಹೊತ್ತಿದೆ. ಪುಟ್ಟಪರ್ತಿಯಲ್ಲಿ 1991ರಿಂದಲೂ ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲಿ 2001ರಿಂದಲೂ ಸತ್ಯಸಾಯಿ ಆಸ್ಪತ್ರೆಗಳು ಉಚಿತ ಹೃದಯ ಚಿಕಿತ್ಸೆ ನೀಡುತ್ತಿವೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವುಂಟು. ಸೋರಿಕೆ ಮುಚ್ಚುವ ಬಿರಡೆಯ ವೆಚ್ಚ ಅದರಲ್ಲಿ ಸೇರುವುದೇ ಎಂಬುದನ್ನು ಮೊದಲೇ ಆಸ್ಪತ್ರೆಯ ಆರೋಗ್ಯಮಿತ್ರರಲ್ಲಿ ವಿಚಾರಿಸಿಕೊಳ್ಳಬೇಕು.

ಕಡೆಯದಾಗಿ ಒಂದು ವಿನಂತಿ. ಶಸ್ತ್ರಕ್ರಿಯೆಯ ಡಿಸ್ಚಾರ್ಜ್ ಚೀಟಿ, ಕವಾಟದ ಅಳತೆ ಬರೆದ ಕಾರ್ಡು, ಹಳೆಯ ಎಕೋ ವರದಿ ಇವನ್ನು ಜಮೀನಿನ ಪಹಣಿಯಷ್ಟೇ ಜೋಪಾನವಾಗಿಡಿ. ತೊಂದರೆಯಿಲ್ಲದಿದ್ದರೂ ವರ್ಷಕ್ಕೊಮ್ಮೆ ತಜ್ಞರಿಗೆ ತೋರಿಸಿ. ಏದುಸಿರು ಮರಳಿದರೆ ಮುಚ್ಚಿಡಬೇಡಿ. ಹೃದಯದ ಬಲ ಕುಂದುವ ಮೊದಲು ಹೋದವರಿಗೆ ಆಯ್ಕೆಗಳು ಹೆಚ್ಚು, ತಡಮಾಡಿದವರಿಗೆ ಕಡಿಮೆ. ಈ ಕಾಯವೇ ಕಾಯಕಕ್ಕೂ ಲಿಂಗಪೂಜೆಗೂ ಆಧಾರ. ಅದನ್ನು ಕಾಪಾಡಿಕೊಳ್ಳುವುದೂ ಶರಣಧರ್ಮವೇ.